ಮೂರು ಬಣ್ಣದ ಕೀಬೋರ್ಡು, ಮಾವನವರ ಅರ್ಜಿ

ಕೀಬೋರ್ಡ್ ಕೊಳ್ಳುವುದು ಒಂದು ದೊಡ್ಡ ವಿಷಯವೇ ಅಲ್ಲ ಎಂದು ನಾನು ನಂಬಿದ್ದ ಕಾಲ ಒಂದಿತ್ತು. ಆಗ ನಾನು ಸುಖವಾಗಿದ್ದೆ. ನನ್ನ ಹೆಂಡತಿ ಮಂಗಳಾ ಕೂಡ ಸುಖವಾಗಿದ್ದಳು. ಮೊಳಕಾಲ್ಮೂರಿನಲ್ಲಿರುವ ನನ್ನ ಮಾವನವರಂತೂ ಕೀಬೋರ್ಡ್ ಎಂಬ ಪದಾರ್ಥವನ್ನು ಮುಟ್ಟದೆಯೇ ಅರವತ್ತು ದಾಟಿ, ರೇಷ್ಮೆ ಸೀರೆ ನೇಯ್ದುಕೊಂಡು ನೆಮ್ಮದಿಯಾಗಿದ್ದರು.

ನಾನು ಚಳ್ಳಕೆರೆಯವನು. ಮನೆಯ ಮುಂದಿನ ಕೋಣೆಯಲ್ಲಿ ಕೂತು ಅಂಗಡಿಗಳಿಗೆ ಬಿಲ್ ಹಾಕುವ ಸಾಫ್ಟ್‌ವೇರ್ ಬರೆದುಕೊಡುವುದು ನನ್ನ ಹೊಟ್ಟೆಪಾಡು. ಬಿಡುವಾದಾಗ ಕತೆ ಬರೆಯುತ್ತೇನೆ. ಪತ್ರಿಕೆಗಳು ಅವನ್ನು ಬಹಳ ಗೌರವದಿಂದ ಹಿಂದಿರುಗಿಸುತ್ತವೆ. ಇವೆರಡೂ ಬೇಸರವಾದಾಗ ಕಂಪ್ಯೂಟರಿನಲ್ಲಿ ಯುದ್ಧದ ಆಟ ಆಡುತ್ತೇನೆ. ಅಲ್ಲಿ ಎದುರಾಳಿಗಳು ನನ್ನನ್ನು ಯಾವ ಗೌರವವೂ ಇಲ್ಲದೆ ಕೊಲ್ಲುತ್ತಾರೆ. ಈ ಮೂರೂ ಕೆಲಸಕ್ಕೆ ನನ್ನ ಬಳಿ ಇದ್ದದ್ದು ಒಂದೇ ಒಂದು ಹಳೆಯ ಕೀಬೋರ್ಡ್.

ಒಂದು ದಿನ ಅದರ ‘ಎಫ್’ ಗುಂಡಿ ಸತ್ತುಹೋಯಿತು. ಕನ್ನಡ ಟೈಪ್ ಮಾಡುವವರಿಗೆ ಗೊತ್ತು, ಒತ್ತಕ್ಷರ ಮೂಡುವುದು ಆ ಗುಂಡಿಯಿಂದ. ಅದು ಹೋದರೆ ಭಾಷೆಯ ಬೆನ್ನುಮೂಳೆ ಹೋದಂತೆ. ತಿಪ್ಪೇಸ್ವಾಮಿ ಎಂಬ ಎಣ್ಣೆ ಅಂಗಡಿ ಮಾಲೀಕರಿಗೆ ಅವತ್ತು ನಾನು ಮಾಡಿಕೊಟ್ಟ ಬಿಲ್ಲಿನ ತಲೆಯ ಮೇಲೆ ಹೀಗೆ ಅಚ್ಚಾಗಿತ್ತು: ‘ತಿಪಪೇಸವಾಮಿ ಎಣಣೆ ಅಂಗಡಿ, ಚಳಳಕೆರೆ’.

“ಏನಪ್ಪಾ ಇದು, ನನ್ ಹೆಸರಿಗೆ ಲಕ್ವ ಹೊಡ್ದೈತಾ?” ಎಂದರು ಅವರು.

ನಾನು ನೇರವಾಗಿ ಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ಇಲಿಯಾಸ್ ಭಾಯಿಯ ಹತ್ತಿರ ಹೋದೆ. ಅವರು ಮೇಲಿನ ಹಲಗೆಯಿಂದ ಒಂದು ಕಪ್ಪು ಕೀಬೋರ್ಡ್ ತೆಗೆದು, ಧೂಳು ಒರೆಸಿ, ನನ್ನ ಮುಂದಿಟ್ಟರು.

“ತಗೊಂಡ್ ಹೋಗ್ರಿ ಸರ್. ಗುಂಡಿ ಒತ್ತಿದ್ರೆ ಅಕ್ಷರ ಬರ್ತೈತೆ.”

“ಅಕ್ಷರ ಬರೋದು ದೊಡ್ದಲ್ಲ ಭಾಯಿ, ಹೆಂಗ್ ಬರ್ತೈತೆ ಅನ್ನೋದು ಮುಖ್ಯ” ಎಂದೆ.

“ಅರೇ, ಹೆಂಗಾದ್ರೂ ಬರ್ಲಿ ಸರ್! ಬಂದ್ರೆ ಸಾಕಲ್ಲ?”

ಈ ಮಾತು ನನಗೆ ಬಹಳ ನಾಟಿತು. ಪ್ರೋಗ್ರಾಮ್ ಬರೆಯುವವನು, ಕತೆ ಬರೆಯುವವನು, ಸಾಲದ್ದಕ್ಕೆ ಯೋಧ! ನನಗೆ ‘ಬಂದರೆ ಸಾಕು’ ಎಂಬ ದರ್ಜೆಯ ಕೀಬೋರ್ಡೇ? ನಾನು ಬರಿಗೈಯಲ್ಲಿ, ತಲೆಯೆತ್ತಿ, ಮನೆಗೆ ಬಂದೆ.

ಆಮೇಲೆ ಮೂರು ವಾರ ವಿಡಿಯೋ ನೋಡಿದೆ. ಮೆಕ್ಯಾನಿಕಲ್ ಕೀಬೋರ್ಡ್ ಎಂಬುದೊಂದು ಇದೆಯೆಂದೂ, ಅದರಲ್ಲಿ ಪ್ರತಿ ಗುಂಡಿಯ ಕೆಳಗೂ ಅದರದ್ದೇ ಒಂದು ಸ್ವಿಚ್ಚು, ಒಂದು ಸ್ಪ್ರಿಂಗು ಇರುತ್ತದೆಂದೂ ತಿಳಿಯಿತು. ಸ್ವಿಚ್ಚುಗಳಲ್ಲಿ ಬಣ್ಣಗಳಿದ್ದವು. ನೀಲಿ ಸ್ವಿಚ್ಚು ಟಕ್ ಎನ್ನುತ್ತದೆ, ಬರಹಗಾರರಿಗೆ ಒಳ್ಳೆಯದು. ಕೆಂಪು ಹಗುರ, ಸದ್ದಿಲ್ಲ, ಉಸಿರು ತಾಗಿದರೆ ಸಾಕು, ಆಟಗಾರರಿಗೆ ಒಳ್ಳೆಯದು. ಕಂದು ಎರಡರ ನಡುವಿನದು, ಪ್ರೋಗ್ರಾಮ್ ಬರೆಯುವವರಿಗೆ ಒಳ್ಳೆಯದು. ಹೀಗೆ ಹೇಳಿದವರು ಒಬ್ಬರಲ್ಲ. ಮರುದಿನ ನೋಡಿದ ವಿಡಿಯೋದಲ್ಲಿ ಇನ್ನೊಬ್ಬ ಮಹಾಶಯ ಇದೆಲ್ಲ ಸುಳ್ಳು ಎಂದ. ಅವನ ಮಾತು ಸುಳ್ಳೆಂದು ಮೂರನೆಯವನು ಸಾಧಿಸಿದ. ಈ ಪಂಡಿತರಿಗೆ ಮನೆ ಮಠ ಇಲ್ಲವೇ? ಒಂದು ಗುಂಡಿಯ ಬಗ್ಗೆ ಒಂದು ಒಮ್ಮತಕ್ಕೆ ಬರಲಾಗದವರು ಜನರಿಗೆ ಬುದ್ಧಿ ಹೇಳಲು ಯಾಕೆ ಕೂರಬೇಕು!

ಕೊನೆಗೆ ನನಗೇ ಒಂದು ಉಪಾಯ ಹೊಳೆಯಿತು. ಸ್ವಿಚ್ಚನ್ನು ಕಿತ್ತು ಬೇರೆ ಹಾಕಲು ಬರುವ ಕೀಬೋರ್ಡುಗಳೂ ಇವೆ. ಅಂಥದೊಂದನ್ನು ತರಿಸಿದೆ. ಅಕ್ಷರಗಳಿಗೆ ನೀಲಿ ಹಾಕಿದೆ, ಏಕೆಂದರೆ ನಾನು ಲೇಖಕ. ಅಂಕಿ ಮತ್ತು ಚಿಹ್ನೆಗಳಿಗೆ ಕಂದು ಹಾಕಿದೆ, ಏಕೆಂದರೆ ನಾನು ಪ್ರೋಗ್ರಾಮರ್. ಆಟದಲ್ಲಿ ಹಿಂದೆ ಮುಂದೆ ಓಡಲು ಬೇಕಾಗುವ ಡಬ್ಲ್ಯೂ, ಎ, ಎಸ್, ಡಿ ಎಂಬ ನಾಲ್ಕಕ್ಕೆ ಮಾತ್ರ ಕೆಂಪು. ಜಗತ್ತಿನ ಯಾವ ಪಂಡಿತನಿಗೂ ಹೊಳೆಯದ ಸಮನ್ವಯ!

ಒಂದು ಸಣ್ಣ ತೊಡಕಿತ್ತು. ಟೈಪ್ ಮಾಡುವಾಗ ನೀಲಿ ಗುಂಡಿಗಳನ್ನು ಗುದ್ದಬೇಕಾಗಿತ್ತು, ಕೆಂಪು ಗುಂಡಿಗಳನ್ನು ನೋಡಿದರೆ ಸಾಕಾಗಿತ್ತು. ಎಡಗೈ ಬೆರಳುಗಳು ವಿಶ್ರಾಂತಿಗೆಂದು ಅವುಗಳ ಮೇಲೆ ಕೂತರೂ ಪರದೆಯ ಮೇಲೆ ಸ, ದ, ಸ, ದ ಎಂದು ಅಕ್ಷರಗಳು ಇರುವೆಯಂತೆ ಹೊರಡುತ್ತಿದ್ದವು. ಹಿಂದಿರುಗಿಸೋಣವೆಂದು ಮಾರಿದವರಿಗೆ ಫೋನ್ ಮಾಡಿದೆ.

“ಸ್ವಿಚ್ ಕಿತ್ತಿದ್ದೀರಾ ಸರ್?” ಎಂದಳು ಒಬ್ಬ ಹುಡುಗಿ.

“ಕೀಳೋಕೆ ಬರ್ತೈತೆ ಅಂತ ನೀವೇ ಬರ್ದಿದ್ರಲ್ಲಮ್ಮಾ!”

“ಹೌದು ಸರ್. ಆದ್ರೆ ಕಿತ್ತಮೇಲೆ ವಾಪಸ್ ತಗೊಳ್ಳಲ್ಲ ಸರ್.”

ಇದು ನ್ಯಾಯವೇ? ನೀವೇ ಹೇಳಿ!

ಇನ್ನು ಸದ್ದಿನ ವಿಷಯ. ಎರಡನೇ ದಿನ ಪಕ್ಕದ ಮನೆ ರುದ್ರಮ್ಮನವರು ಸೊಂಟದ ಮೇಲೊಂದು ಚೀಲ ಇಟ್ಟುಕೊಂಡು ಬಂದರು.

“ಮಂಗಳಾ, ನಿಮ್ಮನ್ಯಾಗೆ ಶೇಂಗಾ ಒಡಿಯೋ ಮಿಷನ್ ತಂದಿದ್ದೀರಂತೆ? ನಮ್ದೂ ಅರ್ಧ ಚೀಲ ಐತವ್ವಾ, ಒಡ್ಕೊಡಾಕಾಯ್ತದಾ?”

ಮಂಗಳಾ ನಗು ತಡೆಯಲಾರದೆ ಒಳಗೆ ಓಡಿದಳು. ನಾನು ರುದ್ರಮ್ಮನವರಿಗೆ ನೀಲಿ ಸ್ವಿಚ್ಚಿನ ಮಹತ್ವವನ್ನು ಗಂಭೀರವಾಗಿ ವಿವರಿಸಿದೆ. ಅವರು ಎಲ್ಲವನ್ನೂ ಕೇಳಿ, “ಹಂಗಾರೆ ಶೇಂಗಾ ಒಡಿಯಲ್ಲ ಅನ್ನು” ಎಂದು ಚೀಲ ಎತ್ತಿಕೊಂಡು ಹೊರಟುಹೋದರು.

ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಆ ವಾರವೇ ಮಾವನವರ ಫೋನ್ ಬಂತು. ಕೈಮಗ್ಗದ ನೇಕಾರರಿಗೆ ಒಂದು ಪ್ರಶಸ್ತಿ ಇದೆಯಂತೆ. ಮಾವ ಯಾವತ್ತೂ ಯಾವುದಕ್ಕೂ ಅರ್ಜಿ ಹಾಕಿದವರಲ್ಲ. ಈ ಸಲ ಯಾಕೋ ಮನಸ್ಸು ಮಾಡಿದ್ದರು. ಎಂಟು ತಿಂಗಳ ಹಿಂದೆ ಕಣ್ಣಿನ ಆಪರೇಷನ್ ಆದಮೇಲೆ ತಾವೇ ಕೂತು ನೇಯ್ದ ಮೊದಲ ಸೀರೆಯನ್ನು ಅದಕ್ಕೆ ಕಳಿಸಬೇಕೆಂದಿದ್ದರು. ಆಪರೇಷನ್ನಿಗೆ ಮುಂಚೆ ಅವರು ಮತ್ತೆ ಮಗ್ಗಕ್ಕೆ ಇಳಿಯುತ್ತಾರೆಂದು ನಮಗ್ಯಾರಿಗೂ ಭರವಸೆ ಇರಲಿಲ್ಲ. ಅರ್ಜಿಯನ್ನು ಕಂಪ್ಯೂಟರಿನಲ್ಲೇ ತುಂಬಬೇಕು, ತಮ್ಮ ಕಸುಬಿನ ಬಗ್ಗೆ ಒಂದು ಪುಟ ಕನ್ನಡದಲ್ಲೇ ಬರೆಯಬೇಕು, ಮರುದಿನ ಸಂಜೆ ಐದಕ್ಕೆ ಕೊನೆ.

“ಇಲ್ಲೇ ಸೈಬರ್ ಅಂಗಡ್ಯಾಗೆ ಮಾಡಿಸ್ತೀನಿ ಬಿಡ್ರಿ ಅಳಿಯಂದ್ರೆ, ನಿಮಗ್ಯಾಕೆ ತೊಂದ್ರೆ” ಎಂದರು ಮಾವ.

“ಮಾವ! ನಾನಿರೋವಾಗ ಸೈಬರ್ ಅಂಗಡಿನಾ?” ಎಂದೆ. ಈ ವಾಕ್ಯವನ್ನು ನಾನು ಇಂದಿಗೂ ವಾಪಸ್ ತೆಗೆದುಕೊಳ್ಳಲು ಬಯಸುತ್ತೇನೆ.

ಬೆಳಿಗ್ಗೆ ಬಸ್ಸು ಹತ್ತಿದೆವು. ನನ್ನ ತೊಡೆಯ ಮೇಲೆ ಎರವಲು ತಂದ ಲ್ಯಾಪ್‌ಟಾಪು, ಅದರ ಮೇಲೆ ಟವೆಲ್ಲಿನಲ್ಲಿ ಸುತ್ತಿದ ಕೀಬೋರ್ಡು. ದಾರಿಯಲ್ಲಿ ತಳಕು ಎಂಬ ಊರು ದಾಟುವಾಗ ಮಂಗಳಾ ಕೇಳಿದಳು:

“ರೀ, ಲ್ಯಾಪ್‌ಟಾಪಿನಾಗೇ ಗುಂಡಿ ಅವೆಯಲ್ಲ, ಇದನ್ಯಾಕೆ ಕೂಸಿನಂಗೆ ಎತ್ಕಂಡ್ ಬಂದ್ರಿ?”

ಕೇಳುವ ಪ್ರಶ್ನೆಯೇ ಇದು? ನಾನು ಟವೆಲ್ಲನ್ನು ಇನ್ನೊಂದು ಸುತ್ತು ಬಿಗಿಯಾಗಿ ಸುತ್ತಿದೆ.

ಮಾವನ ಮನೆಯಲ್ಲಿ ಹಜಾರದ ತುಂಬ ಮಗ್ಗ. ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು ಮಾವ ನೇಯುತ್ತಿದ್ದರು. ನಾನು ಎದುರಿಗೆ ಸ್ಟೂಲಿನ ಮೇಲೆ ಕೀಬೋರ್ಡ್ ಸ್ಥಾಪಿಸಿದೆ. ಅದರ ಬಣ್ಣಬಣ್ಣದ ದೀಪಗಳು ಹತ್ತಿಕೊಂಡವು. ಎರಡು ಸಾಲು ಟೈಪ್ ಮಾಡುವಷ್ಟರಲ್ಲಿ, ಮಗ್ಗದ ಸದ್ದಿನಲ್ಲೇ ಹುಟ್ಟಿ ಬೆಳೆದು ಮುದುಕಿಯಾದ ನಮ್ಮತ್ತೆ ಅಡುಗೆಮನೆಯಿಂದ ಕಿವಿ ಮುಚ್ಚಿಕೊಂಡು ಬಂದರು.

“ಏಂದಪ್ಪಾ ಈ ಗೋಲ!” ಎಂದರು. ಅವರಿಗೆ ಸಿಟ್ಟು ಬಂದಾಗ ತೆಲುಗು ಬರುತ್ತದೆ. ಮಗ್ಗ ಗದ್ದಲವಲ್ಲವಂತೆ, ನನ್ನದು ಗದ್ದಲವಂತೆ! ನಾನು ಸಹಿಸಿಕೊಂಡೆ.

ಮಾವ ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ. ಅವರ ಲಾಳಿ ಒಮ್ಮೆಯೂ ತಪ್ಪಲಿಲ್ಲ. ನನ್ನ ಬೆರಳು ತಪ್ಪದೇ ಇದ್ದದ್ದು ಅಪರೂಪ. ನಡುನಡುವೆ ನುಗ್ಗಿದ ಸ, ದಗಳನ್ನು ಅಳಿಸುವುದರಲ್ಲೇ ಊಟದ ಹೊತ್ತಾಯಿತು. ಊಟವಾಗಿ ಮತ್ತೆ ಅಳಿಸಿದೆ. ನಾಲ್ಕೂವರೆಗೆ ಪುಟ ಮುಗಿಯಿತು. ಮಂಗಳಾ ನನ್ನ ಹೆಗಲ ಮೇಲಿಂದ ಇಣುಕಿ ಓದಿದಳು.

“ಎಲ್ಲಾ ಚೆನ್ನಾಗೈತೆ. ಆದ್ರೆ ಅಪ್ಪ ಹೇಳ್ದಂಗೆ ಎಲ್ಲಾ ಕಡೆ ‘ಬಾರ್ಡರು’ ಅಂತ ಹಾಕಿದ್ದೀರಲ್ಲ. ಓದೋರು ದೊಡ್ಡೋರು, ‘ಅಂಚು’ ಅಂತ ಹಾಕ್ರಿ, ಕನ್ನಡ ಚೆಂದ ಕಾಣ್ತೈತೆ.”

ನನ್ನೊಳಗಿನ ಪ್ರೋಗ್ರಾಮರ್ ಎದ್ದು ನಿಂತ. ಒಂದೊಂದಾಗಿ ತಿದ್ದುವುದು ಸಾಮಾನ್ಯರ ಕೆಲಸ. ಹಳೆಯ ಪದ ಒಂದು ಕಡೆ, ಹೊಸ ಪದ ಇನ್ನೊಂದು ಕಡೆ ಕೊಟ್ಟು ಒಂದೇ ಏಟಿಗೆ ಎಲ್ಲವನ್ನೂ ಬದಲಿಸುವ ವಿದ್ಯೆ ನನಗೆ ಗೊತ್ತು. ‘ಅಂಚು’ ಎಂದು ಹೊಡೆದೆ. ಟಕ್! ಏಳು ಕಡೆ ಬದಲಾಯಿತು. ಅದನ್ನು ಎತ್ತಿ ಅರ್ಜಿಯಲ್ಲಿ ಅಂಟಿಸಿ, ಐದಕ್ಕೆ ಹನ್ನೆರಡು ನಿಮಿಷ ಇರುವಾಗ ಸಲ್ಲಿಸಿದೆ. ‘ಸಲ್ಲಿಸಿದ ಅರ್ಜಿಯನ್ನು ತಿದ್ದಲು ಅವಕಾಶವಿಲ್ಲ’ ಎಂದು ಪರದೆ ಹೇಳಿತು. ತಿದ್ದುವುದಕ್ಕೆ ಏನಿದೆ, ಎಂದುಕೊಂಡೆ.

ಜೆರಾಕ್ಸ್ ಅಂಗಡಿಗೆ ಹೋಗಿ ಅರ್ಜಿಯ ಪ್ರತಿ ತೆಗೆಸಿ, ಅರ್ಧ ಕೇಜಿ ಮೈಸೂರುಪಾಕನ್ನೂ ಕಟ್ಟಿಸಿಕೊಂಡು ಬಂದೆ. ಮಾವ ಮಗ್ಗದಿಂದ ಎದ್ದು, ಕೈ ತೊಳೆದು, ಹೊಸ ಕನ್ನಡಕ ಹಾಕಿಕೊಂಡು, ಮನೆಯವರಿಗೆಲ್ಲ ಕೇಳುವಂತೆ ಓದತೊಡಗಿದರು.

“ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ... ಸಂಚು ಮಾಡುತ್ತಾ ಬಂದಿದ್ದೇವೆ.”

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಆಪರೇಷನ್ ಕೆಟ್ಟಿತೇನೋ ಎಂದು ಗಾಬರಿಯಾದಂತಿತ್ತು. ಮತ್ತೆ ಹಾಕಿಕೊಂಡು ಮುಂದುವರಿಸಿದರು.

“ಸಂಚು ಮಾಡುವುದನ್ನು ನನಗೆ ಕಲಿಸಿದವರು ನಮ್ಮ ತಂದೆ. ಮೊದಲು ಸಂಚು ಗೊತ್ತುಮಾಡಿಕೊಂಡೇ ಮುಂದಿನ ಕೆಲಸಕ್ಕೆ ಕೈಹಾಕುತ್ತೇವೆ. ನನ್ನ ಹೆಂಡತಿಯ ಸಹಾಯವಿಲ್ಲದಿದ್ದರೆ ಯಾವ ಸಂಚು ಕೂಡ ಪೂರ್ತಿಯಾಗುತ್ತಿರಲಿಲ್ಲ. ಈಗ ಓಣಿಯ ಹೊಸಬರಿಗೂ ಸಂಚು ಕಲಿಸುತ್ತಿದ್ದೇನೆ. ಇಂಥ ಕಸುಬಿಗೆ ಸರ್ಕಾರದ ಪ್ರೋತ್ಸಾಹ ಬೇಕು.”

ಅತ್ತೆ, ಸಂಚು ಎಂದರೇನೆಂದು ಕೇಳಿದರು. ಮಾವ ತೆಲುಗಿನಲ್ಲಿ, “ಕುಟ್ರ” ಎಂದರು.

“ನೇನೇಮಿ ಚೇಸಿನಾ?” ತಾನೇನು ಮಾಡಿದೆನೆಂದು ಅತ್ತೆ ಎದೆಗೆ ಕೈಯಿಟ್ಟುಕೊಂಡರು.

ಏನಾಗಿತ್ತೆಂದು ನನಗೆ ಆ ಕ್ಷಣವೇ ಹೊಳೆಯಿತು. ‘ಅ’ ಮೂಡಿಸುವ ‘ಎ’ ಗುಂಡಿ ಹೊಡೆಯಬೇಕಾದ ಬೆರಳು ಪಕ್ಕದ ‘ಎಸ್’ ಮೇಲೆ ಜಾರಿತ್ತು. ನೀಲಿ ಸ್ವಿಚ್ಚಾಗಿದ್ದರೆ ಟಕ್ ಎಂದು ಎಚ್ಚರಿಸುತ್ತಿತ್ತು. ಕೆಂಪು, ಕಳ್ಳನಂತೆ, ಸದ್ದಿಲ್ಲದೆ ‘ಸ’ ಹಾಕಿ ಕೂತಿತ್ತು.

“ತಪ್ಪು ನಂದಲ್ಲ ಮಾವ! ಕೆಂಪು ಗುಂಡಿದು!” ಎಂದು ನಾನು ಕೂಗಿದೆ. “ಆ ವಿಡಿಯೋ ಮಾಡಿದ ಅಯೋಗ್ಯರು...”

“ಕೆಂಪು ಗುಂಡಿ ಕೂರ್ಸಿದ್ದು ಯಾರು?” ಎಂದಳು ಮಂಗಳಾ. ಅವಳು ನಗುತ್ತಿರಲಿಲ್ಲ. “ಎಂಟು ತಿಂಗಳಿಂದ ಅಪ್ಪ ಈ ಸೀರೆ ಅಂತ ಜೀವ ಬಿಡ್ತಿದ್ದಾರೆ. ಒಂದು ಸಲ ಓದ್ಬಾರ್ದಾ?”

ಈ ಒಂದು ಮಾತಿಗೆ ನನ್ನ ಸಿಟ್ಟೆಲ್ಲ ಎಲ್ಲಿಗೋ ಇಳಿದುಹೋಯಿತು. ಮಾವ ಮಾತ್ರ ಒಂದು ಮಾತೂ ಬೈಯಲಿಲ್ಲ. ಅದೇ ಕಷ್ಟವಾಗಿದ್ದು. ಅವರು ಗೋಡೆಯ ಗೂಡಿನಿಂದ ಒಂದು ಬಿಳಿ ಹಾಳೆ, ಪೆನ್ನು ತೆಗೆದುಕೊಂಡು, ಕಂಬಕ್ಕೆ ಒರಗಿ ಕೂತು, ಇಡೀ ಪುಟವನ್ನು ದುಂಡಗೆ ತಾವೇ ಬರೆದರು. ಕಾಲು ಗಂಟೆ ಹಿಡಿಯಿತು. ಒಂದು ಅಕ್ಷರ ಹೊಡೆದುಹಾಕಲಿಲ್ಲ. ನನಗೆ ಬೆಳಗಿನಿಂದ ಸಂಜೆಯಾಗಿತ್ತು.

ಮರುದಿನ ಮಾವ ಸೀರೆಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ನಮ್ಮ ಜೊತೆಗೇ ಚಳ್ಳಕೆರೆಗೆ ಬಂದರು. ಅರ್ಜಿ ನೋಡುವ ಕಚೇರಿ ಇಲ್ಲೇ ಇತ್ತು. ಮೇಜಿನ ಹಿಂದೆ ಒಬ್ಬ ಅಧಿಕಾರಿ ಮೇಡಂ ಕೂತಿದ್ದರು. ಮಾವ ವಿಷಯ ಹೇಳಿದ ಕೂಡಲೇ ಅವರು ಕಂಪ್ಯೂಟರಿನಲ್ಲಿ ಹುಡುಕಿ ಓದಿದರು. ಎರಡನೇ ಸಾಲಿಗೆ ಬಾಯಿಗೆ ಸೆರಗು ಅಡ್ಡ ಹಿಡಿದರು. ನಾಲ್ಕನೇ ಸಾಲಿಗೆ ಕಣ್ಣಲ್ಲಿ ನೀರು. ಆಮೇಲೆ ಮಾವ ಬಟ್ಟೆ ಬಿಚ್ಚಿ ಸೀರೆ ಹರಡಿದರು. ಮೇಡಂ ನಗು ನಿಲ್ಲಿಸಿದರು. ಕೆಂಪು ಅಂಚಿನ ಮೇಲೆ ನಿಧಾನವಾಗಿ ಬೆರಳಾಡಿಸಿದರು.

“ಕಣ್ಣಿನ ಆಪರೇಷನ್ ಆದಮೇಲೆ ನೇಯ್ದಿದ್ದಾ ಇದು?”

“ಹೌದಮ್ಮಾ.”

“ನಿಮ್ಮ ಕಾಗದಾನ ಅರ್ಜಿ ಜೊತೆ ಲಗತ್ತಿಸ್ತೀನಿ, ಮೇಲಿನವರಿಗೂ ಹೇಳ್ತೀನಿ. ಅರ್ಜಿ ಬೀಳಲ್ಲ, ಚಿಂತೆ ಮಾಡ್ಬೇಡ್ರಿ.” ಅವರು ಮಾವನ ಹಾಳೆಗೆ ಮೊಹರು ಒತ್ತಿದರು. ಆಮೇಲೆ ಕುತೂಹಲ ತಡೆಯಲಾರದೆ ಕೇಳಿದರು: “ಅಲ್ರೀ ಯಜಮಾನ್ರೇ, ಇಷ್ಟು ಚೆನ್ನಾಗಿ ಬರೀತೀರಿ. ಇದನ್ನ ಯಾರ ಕೈಲಿ ಟೈಪ್ ಮಾಡಿಸಿದ್ರಿ?”

ನಾನು ಮಾವನ ಪಕ್ಕದಲ್ಲೇ ನಿಂತಿದ್ದೆ. ಮಾವ ನನ್ನ ಕಡೆ ತಿರುಗಲಿಲ್ಲ. ಸೀರೆಯನ್ನು ಮಡಿಕೆ ತಪ್ಪದಂತೆ ಮಡಿಸುತ್ತಾ, ಹೇಳಿದರು:

“ಯಾರೋ ಪರಿಚಯದೋರು ಅಮ್ಮಾ. ಪಾಪ, ಅಷ್ಟು ಬರಲ್ಲ ಅವ್ರಿಗೆ.”

ಮೇಡಂ ಕನಿಕರದಿಂದ ತಲೆಯಾಡಿಸಿ ನನ್ನ ಕಡೆ ನೋಡಿದರು.

“ನಿಮಗೂ ಗೊತ್ತಾ ಅವರು?”

“ಇಲ್ಲ ಮೇಡಂ” ಎಂದೆ. “ಬರೀ ನೋಡಿದ್ದೀನಿ.”