ಮಾವನ ಸ್ವಂತ ಬೆಂಕಿ

ನಿಧಿ ಸಿಗುತ್ತದೆಂದು ನೆಲ ಅಗೆದವರು ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರೆ. ಬೆಂಕಿ ಹೂಳಲು ಅಗೆದವರು ಮಾತ್ರ ದೇವಸಮುದ್ರದ ನಮ್ಮ ಸೋದರಮಾವ ಒಬ್ಬರೇ.

ಇದಕ್ಕೆಲ್ಲ ಕಾರಣ ನನ್ನ ಸಿಲಿಂಡರು. ತೊಂಬತ್ತರ ದಶಕದಲ್ಲಿ ಚಳ್ಳಕೆರೆಯಲ್ಲಿ ಬಾಡಿಗೆ ಮನೆ ಹಿಡಿದಿದ್ದೆ. ಗ್ಯಾಸ್ ಬಂದ ವಾರವೇ ಮಾವ ಬಂದರು. ಅವರ ಮುಂದೆ ಮೆರೆಯೋಣವೆಂದು ಕಾಫಿಗೆ ಇಟ್ಟೆವು. ಅವರು ಸಂತೆಯಲ್ಲಿ ಟಗರು ನೋಡುವಂತೆ ಸಿಲಿಂಡರನ್ನು ಸುತ್ತಲೂ ತಡವಿ ಕೇಳಿದರು.

“ಇದು ನಿಂದಾ?”

“ಒಳಗಿನ ಗ್ಯಾಸ್ ನಂದು ಮಾವ. ಸಿಲಿಂಡರು ಕಂಪನೀದು. ಖಾಲಿಯಾದ್ರೆ ವಾಪಸ್ ಕೊಡಬೇಕು.”

“ಮನೆ ಬಾಡಿಗೇದು, ಸರಿ. ಬೆಂಕೀನೂ ಬಾಡಿಗೇದಾ?”

ಕಾಫಿ ಮುಟ್ಟದೆ ಬಸ್ಸು ಹತ್ತಿದರು. ಹಾಲು, ಸಕ್ಕರೆ ನಮ್ಮದೇ ಎಂದು ಎಷ್ಟು ಹೇಳಿದರೂ ಕೇಳಬೇಕಲ್ಲ!

ಮುಂದಿನ ತಿಂಗಳು ತಮ್ಮ ಹಿತ್ತಿಲಲ್ಲಿ ಗುಂಡಿ ತೋಡಿಸಿದರು. ಗೋಬರ್ ಗ್ಯಾಸ್. ನೆಲದೊಳಗೆ ಇಟ್ಟಿಗೆಯ ಗುಮ್ಮಟ, ಮೇಲೆ ಮಣ್ಣು, ಅಲ್ಲಿಂದ ಅಡುಗೆಮನೆಗೆ ಪೈಪು. ಹೊಗೆಯಲ್ಲಿ ಕಣ್ಣು ಕೆಂಪಗೆ ಮಾಡಿಕೊಂಡಿದ್ದ ಅತ್ತೆಗೆ ಸಿಲಿಂಡರೇ ಸಾಕಿತ್ತು. “ಬಾವಿ ತೋಡಿದ್ರೆ ನೀರಾದ್ರೂ ಬರ್ತಿತ್ತು. ನಿಮ್ಮ ಮಾವ ಸಗಣಿಗೆ ಮನೆ ಕಟ್ಟವ್ರೆ” ಎಂದು ನನ್ನ ಹತ್ತಿರ ದೂರಿದರು.

ದನದ ಸಗಣಿ ಕಲಸಿ ಹಾಕಿ ಎಂದು ಗಾರೆಯವನು ಹೇಳಿದ್ದ. ಮಾವನದು ತಲೆತಲಾಂತರದಿಂದ ಕುರಿ ಕಾದ ಮನೆತನ. ಹಸು ಎರಡು, ಕುರಿ ರೊಪ್ಪದ ತುಂಬ. “ಹಸೂನೂ ಹುಲ್ಲೇ ತಿಂತೈತೆ, ಕುರೀನೂ ಹುಲ್ಲೇ ತಿಂತೈತೆ. ಇದ್ರಾಗೇನು ಹೆಚ್ಚುಕಮ್ಮಿ?” ಎಂದು ಕುರಿ ಹಿಕ್ಕೆಯನ್ನು ಮಂಕರಿಗಟ್ಟಲೆ ಸುರಿದರು. ಹಿಕ್ಕೆ ಕರಗುತ್ತದೆಯೇ? ಕಡಲೆಕಾಳಿನಂತೆ ಇದ್ದ ಹಾಗೇ ಉಳಿದು, ತೇಲಿ, ಮೇಲೆ ಹೆಪ್ಪುಗಟ್ಟಿ ಕೂತಿತು. ಒಲೆ ಹೊತ್ತಿಸುವ ದಿನ ಊರೇ ಸೇರಿತ್ತು. ಕಡ್ಡಿಪೆಟ್ಟಿಗೆ ಖಾಲಿಯಾಯಿತು, ಗ್ಯಾಸ್ ಬರಲಿಲ್ಲ.

ಗುಂಡಿ ಬರಿದು ಮಾಡಿಸಿದ ಮೇಲೆ, ಬೆಳಗಾದರೆ ಮಾವ ಮಂಕರಿ ಹಿಡಿದು ಊರವರ ದನಗಳ ಹಿಂದೆ. “ಯಜಮಾನ್ರೇ, ನಮ್ಮೆತ್ತು ಇನ್ನೂ ಮನಸು ಮಾಡಿಲ್ಲ, ಕುಂತ್ಕಳ್ರಿ” ಎಂದು ಜನ ಛೇಡಿಸುತ್ತಿದ್ದರು. ಮಾವ ನಿಜವಾಗಿಯೂ ಕುಳಿತುಕೊಳ್ಳುತ್ತಿದ್ದರು.

ಕೊನೆಗೂ ನೀಲಿ ಉರಿ ಹೊತ್ತಿತು. ಅತ್ತೆ ದೂರುವುದನ್ನು ಬಿಟ್ಟರು. ಆದರೆ ಮಾವನಿಗೆ ಹೊಸ ಹುಚ್ಚು ಹಿಡಿಯಿತು. ಸಂಜೆಯಾದರೆ ಬಾಗಿಲು ತೆರೆದಿಟ್ಟು, ಹೊಸ್ತಿಲ ಬಳಿ ಕುಳಿತು ದಾರಿ ನೋಡುವುದು. ಊರೂರು ತಿರುಗುವ ಕುರಿಯವರು ಹಾದುಹೋದರೆ “ಒಲೆಗೆ ಬೆಂಕಿ ಬೇಕಾ?” ಎಂದು ಕೇಳುವುದು. ಅವರು ಜೇಬಿನ ಕಡ್ಡಿಪೆಟ್ಟಿಗೆ ತೋರಿಸಿ ನಕ್ಕು ಹೋಗುತ್ತಿದ್ದರು.

ಒಂದು ಶುಕ್ರವಾರ ನಾನೂ ಅಲ್ಲಿದ್ದೆ. “ಬೆಂಕಿ ಕೇಳ್ಕಂಡು ಈಗ ಯಾರು ಬರ್ತಾರೆ ಮಾವ?” ಎಂದೆ.

“ಯಾರೂ ಬರಲ್ಲ ಕಣೋ” ಎಂದರು. ದಾರಿ ನೋಡುತ್ತಲೇ ಹೇಳಿದರು: “ನಾನು ಸಣ್ಣೋನಿದ್ದಾಗ ಕುರಿ ಹೊಡ್ಕಂಡು ಊರೂರು ತಿರುಗ್ತಿದ್ವಿ. ಕಡ್ಡಿಪೆಟ್ಟಿಗೆ ಆಗ ನಮ್ಮಂಥೋರ ಕೈಗೆಲ್ಲಿ? ಅವ್ವ ಒಣಗಿದ ಸಗಣಿ ಕುಳ್ಳು ಹಿಡ್ಕಂಡು ಮನೆಮನೆಗೆ ಕೆಂಡಕ್ಕೆ ಹೋಗೋಳು. ಒಂದಿನ ಎಲ್ಲಾರೂ, ಶುಕ್ರವಾರ ದೀಪ ಹಚ್ಚೋ ಹೊತ್ನಾಗೆ ಬೆಂಕಿ ಹೊರಗೆ ಕೊಡಲ್ಲ ಅಂದ್ರು. ಅವ್ವ ಹಿಟ್ಟನ್ನ ತಣ್ಣೀರಾಗೆ ಕಲಸಿ ನಮಗೆ ಕೊಟ್ಲು. ‘ನಮ್ದೇ ಒಂದು ಬೆಂಕಿ ಇದ್ದಿದ್ರೆ ನಾನು ಯಾರಿಗೂ ಇಲ್ಲ ಅಂತಿರಲಿಲ್ಲ’ ಅಂದ್ಲು. ಈಗ ಬೆಂಕಿ ಐತೆ. ಅವ್ವ ಇಲ್ಲ.”

ಅಷ್ಟು ದಿನ ಊರೊಡನೆ ಸೇರಿ ನಾನೂ ನಕ್ಕಿದ್ದೆ. ಒಳಗೆ ಪಾತ್ರೆಯ ಸದ್ದು ನಿಂತಿತು. ಅತ್ತೆ ಹಿತ್ತಿಲ ಬಾಗಿಲಿಂದ ಹೊರಟು, ಮನೆ ಸುತ್ತಿ ಬಂದು, ತಲೆ ತುಂಬ ಸೆರಗು ಹೊದ್ದು, ಕೈಯಲ್ಲೊಂದು ಕುಳ್ಳು ಹಿಡಿದು ತಮ್ಮದೇ ಮನೆಯ ಮುಂದೆ ನಿಂತರು.

“ಒಂದೀಟು ಬೆಂಕಿ ಕೊಡ್ರಿ” ಎಂದರು.

ಮಾವ ಎದ್ದು, ಕುಳ್ಳು ಇಸಿದುಕೊಂಡು ಒಳಗೆ ಹೋದರು. ಒಲೆಯ ಉರಿಗೆ ಹಿಡಿದು, ಅಂಚು ಕೆಂಡವಾಗುವವರೆಗೂ ಕಾದು, ತಂದು ಅತ್ತೆಯ ಕೈಗೆ ಕೊಟ್ಟರು.

“ನಾಳೇನೂ ಬಾರವ್ವ” ಎಂದರು.

ಹೆಂಡತಿಯನ್ನು ಮಾವ ಅವ್ವ ಎಂದದ್ದನ್ನು ನಾನು ಕೇಳಿದ್ದು ಅದೊಂದೇ ಸಲ.