ಪೀಟರ್ ಸಾಹೇಬರು ನಮ್ಮೂರಿಗೆ ಬಂದದ್ದು

ನಮ್ಮೂರಿಗೊಂದು ವಿದೇಶಿ ಕಂಪನಿ ತರುವುದು ನನಗೆ ಅಂಥ ದೊಡ್ಡ ಕೆಲಸವಾಗಿ ಕಾಣಲಿಲ್ಲ. ಆಗ ಹೈದರಾಬಾದಿಗೆ ದಿನಕ್ಕೊಂದು ಕಂಪನಿ ಬಂದಿಳಿಯುತ್ತಿತ್ತು. ಅದರಲ್ಲಿ ಒಂದನ್ನು ರಾಜ್ಯದ ಗಡಿ ದಾಟಿಸಿ ನಮ್ಮ ಕಡೆಗೆ ಹೊರಳಿಸಿದರೆ ಯಾರಿಗೇನು ನಷ್ಟ? ನಾನು ಅಲ್ಲಿಯ ಬಾಲಾನಗರದ ಕಾರ್ಖಾನೆಯೊಂದರ ಸ್ಟೋರಿನಲ್ಲಿ ನೌಕರ. ಇಂಗ್ಲಿಷ್ ಪೇಪರನ್ನು ಗಟ್ಟಿಯಾಗಿ ಓದುವ ಅಭ್ಯಾಸವಿತ್ತು. ಬಂಡವಾಳ ತರುವವನಿಗೆ ಇದಕ್ಕಿಂತ ಹೆಚ್ಚಿನ ಅರ್ಹತೆ ಬೇಕೆಂದು ನನಗೆ ಹೊಳೆಯಲಿಲ್ಲ.

ಶುರುವಾದದ್ದು ನಾಗಕ್ಕನಿಂದ. ಅವಳು ನಮ್ಮ ದೊಡ್ಡಪ್ಪನ ಮಗಳು. ಗಂಡ ತೀರಿಕೊಂಡ ಮೇಲೆ ಮಗಳನ್ನು ಊರಲ್ಲಿ ತಾಯಿಯ ಬಳಿ ಬಿಟ್ಟು ಬಂದು, ಗಾಜಿನ ಕಟ್ಟಡಗಳು ಏಳುತ್ತಿದ್ದ ಕಡೆ ಉಸುಕು ಹೊರುತ್ತಿದ್ದಳು. ರಜೆಯ ದಿನ ನಮ್ಮ ಮನೆಗೆ ಬರುವಳು.

"ಮಗಳು ಈಗ ನನ್ನ ಜೋಡಿ ಮಾತಾಡಂಗಿಲ್ಲ ತಮ್ಮಾ. ಯಾರೋ ಬೀಗರು ಬಂದಂಗ ನೋಡ್ತಾಳ," ಎಂದಳು ಒಮ್ಮೆ. "ಊರಾಗ ಏನರ ಒಂದು ಕೆಲಸ ಇದ್ದಿದ್ರ ನಾ ಯಾಕ ಇಲ್ಲಿ ಇರ್ತಿದ್ದೆ?"

"ಕೆಲಸಾನ ಊರಿಗೆ ಬರ್ತೈತಿ ತಗೋ ಅಕ್ಕಾ," ಎಂದುಬಿಟ್ಟೆ.

ಕಂಪ್ಯೂಟರಿನ ವೈರು ಜೋಡಿಸುವ ವಿದೇಶಿ ಕಂಪನಿಯೊಂದು ಪಟ್ಟಣದಿಂದ ದೂರ ಜಾಗ ಹುಡುಕುತ್ತಿದೆ ಎಂದು ನಮ್ಮ ಆಫೀಸರ್ ಹೇಳಿದ್ದರು. ಅವರ ಮಗ ಅಲ್ಲೇ ಕೆಲಸಕ್ಕಿದ್ದ. ಕಾಲಿಗೆ ಬೀಳುವುದೊಂದನ್ನು ಬಿಟ್ಟು ಎಲ್ಲ ಮಾಡಿದೆ. ಕೊನೆಗೆ ಆ ಕಂಪನಿಯ ಪೀಟರ್ ಸಾಹೇಬರನ್ನು ಜೀಪಿನಲ್ಲಿ ಕೂರಿಸಿಕೊಂಡು, ನಾಗಕ್ಕನನ್ನೂ ಕರೆದುಕೊಂಡು ಊರಿಗೆ ಹೊರಟೆ.

ಊರವರು ಹಲಗೆ ಬಾರಿಸಿದರು, ಹಾರ ಹಾಕಿದರು. ಪಂಚಾಯಿತಿ ಆಫೀಸಿನಲ್ಲಿ ಮಾತುಕತೆ. ದುಭಾಷಿ ನಾನೇ.

ಕರೆಂಟು ಹೇಗೆ ಎಂದು ಸಾಹೇಬರು ಕೇಳಿದರು. "ಅದರ ಮನಸಿಗೆ ಬಂದಾಗ ಬರ್ತೈತ್ರಿ," ಎಂದರು ನಮ್ಮೂರ ಗೌಡರು. ಊರ ಮಾನ ಉಳಿಸಬೇಕಲ್ಲ? ಬೇಕೆಂದಾಗಲೆಲ್ಲ ಇರುತ್ತದೆ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಫ್ಯಾನು ನಿಂತಿತು. ಸಾಹೇಬರು ಫ್ಯಾನನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ನಾನು ಫ್ಯಾನನ್ನೇ ನೋಡುತ್ತ ಕೂತೆ.

ಮಳೆಗಾಲದಲ್ಲಿ ಲಾರಿ ಊರ ಹಾದಿಯ ಹಳ್ಳ ದಾಟುತ್ತದೆಯೇ? "ದನಾನ ದಾಟಂಗಿಲ್ರಿ," ಎಂದರು ಗೌಡರು. ಬ್ರಿಡ್ಜ್ ಸ್ಯಾಂಕ್ಷನ್ ಆಗಿದೆ ಎಂದು ನಾನು ತಿದ್ದಿದೆ. ದುರದೃಷ್ಟಕ್ಕೆ ಸ್ಯಾಂಕ್ಷನ್ ಎಂಬ ಮಾತು ಗೌಡರಿಗೆ ಗೊತ್ತಿತ್ತು.

"ಹೌದಾ? ಯಾವಾಗ ಆತೋ?" ಎಂದು ಸಂತೋಷದಿಂದ ಕೇಳಿದರು.

ಹೊರಡುವಾಗ ಸಾಹೇಬರು ಕೈ ಕುಲುಕಿ, "ವಿ ವಿಲ್ ಗೆಟ್ ಬ್ಯಾಕ್ ಟು ಯು," ಎಂದರು. ನಾನು ಕಟ್ಟೆ ಹತ್ತಿ ಘೋಷಿಸಿದೆ: "ತಿರುಗಿ ನಿಮ್ಮ ಹತ್ತಿರಾನ ಬರ್ತೀವಿ ಅನ್ನಾಕತ್ತಾರ."

ಹಲಗೆ ಮತ್ತೆ ಶುರುವಾಯಿತು. ನಾಗಕ್ಕ ಜೀಪು ಹತ್ತಲಿಲ್ಲ. "ನಾ ಇನ್ನ ಆ ಕಡೆ ಬರಂಗಿಲ್ಲ ತಮ್ಮಾ. ಅಲ್ಲಿ ಶೆಡ್ಡಿನಾಗ ಇರೋ ನನ್ನ ಸಾಮಾನು ನಿಮ್ಮ ಮನಿಗೆ ಒಯ್ದಿಡು," ಎಂದಳು.

ಮನೆಗೆ ಬಂದು ಹೆಂಡತಿ ಗಿರಿಜಾಳಿಗೆ ಸಾಹೇಬರ ಮಾತನ್ನು ಅವರ ಧಾಟಿಯಲ್ಲೇ ಹೇಳಿ ತೋರಿಸಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ತಿಳಿಸ್ತೀವಿ ಅಂದಂಗ ಅದು. ಸಾಲಿ ಕೆಲಸಕ್ಕ ಇಂಟರ್‌ವ್ಯೂಗೆ ಹೋದಾಗ ನನಗೂ ಹಂಗ ಅಂದಿದ್ರುರೀ. ಇನ್ನೂತನಕ ಯಾರೂ ತಿಳಿಸಿಲ್ಲ."

ನಾನು ನಂಬಲಿಲ್ಲ. ಮಳೆಗಾಲ ಕಳೆದು, ಕಂಪನಿಯವರು ಕರೆಂಟು ಹೋಗದ ಬೇರೆ ಜಾಗದಲ್ಲಿ ಕಟ್ಟಡ ಶುರು ಮಾಡಿದರೆಂದು ಆಫೀಸರ್ ಹೇಳಿದ ಮೇಲೆ ನಂಬಿದೆ.

ಸುದ್ದಿ ಹೇಳಲು ಊರಿಗೆ ಹೋದೆ. ಹಾಳುಬಿದ್ದ ಗೋದಾಮಿಗೆ ಸುಣ್ಣ ಬಳಿದಿದ್ದರು. ಒಳಗೆ ನಾಗಕ್ಕ ಊರ ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ಬಣ್ಣದ ನೂಲು ಹೊಸೆದು ಕಟ್ಟುವುದನ್ನು ಕಲಿಸುತ್ತಿದ್ದಳು. ಕೈಗೆ ರೂಢಿಯಾದರೆ ವೈರು ಸುಲಭವಂತೆ. ಅವಳ ಮಗಳು ತಾಯಿಯ ತೊಡೆಗೆ ಮೊಳಕೈ ಊರಿ ಕೂತಿದ್ದಳು.

"ಯಾವಾಗ ಬರ್ತಾರಂತ?" ಎಂದಳು ನಾಗಕ್ಕ.

ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡದ್ದೆಲ್ಲ ಮರೆತುಹೋಯಿತು. "ಸ್ವಲ್ಪ ತಡ ಆಗ್ತೈತಂತ," ಎಂದೆ. ಅಷ್ಟಕ್ಕೇ, ನಾನು ಬಂದದ್ದು ಕೇಳಿ ಬಂದಿದ್ದ ಗೌಡರು ಸಾಹೇಬರಿಗೆಂದು ತೊಗರಿಬೇಳೆಯ ಮೂಟೆಯೊಂದನ್ನು ತರಿಸಿ ನನ್ನ ಕಾಲ ಬಳಿ ಇಡಿಸಿದರು. ಅದನ್ನು ನೋಡಿದ ಮೇಲೆ ನಿಜ ಹೇಳದೆ ಬೇರೆ ದಾರಿಯಿರಲಿಲ್ಲ.

ಯಾರೂ ಬಯ್ಯಲಿಲ್ಲ. ಹೆಣ್ಣುಮಕ್ಕಳು ನೂಲು ಕೆಳಗಿಟ್ಟು ಒಬ್ಬೊಬ್ಬರಾಗಿ ಎದ್ದುಹೋದರು. ನಾಗಕ್ಕ ಹಾಕುತ್ತಿದ್ದ ಗಂಟನ್ನು ಪೂರ್ತಿ ಹಾಕಿ, "ನಾಳಿ ಬಸ್ಸಿಗೆ ನಾನೂ ಬರ್ತೀನಿ," ಎಂದಳು. ಮರುದಿನ ಮಗಳು ಬಸ್ಸಿನ ತನಕ ಬರಲಿಲ್ಲ.

ದಾರಿಯಲ್ಲಿ ನಾಗಕ್ಕ ರೊಟ್ಟಿಯ ಗಂಟು ಬಿಚ್ಚಿ ನನಗೂ ಕೊಟ್ಟಳು.

"ಸಿಟ್ಟು ಬಂದಿಲ್ಲೇನಕ್ಕಾ?"

"ಬಂದೈತಿ. ಮೊದಲ ತಿನ್ನು."

ತಿಂದು ಬೈಗುಳಕ್ಕೆ ಕಾದೆ. ಜಹೀರಾಬಾದ್ ದಾಟಿತು. ಅವಳು ನನ್ನ ಭುಜಕ್ಕೆ ತಲೆಯಿಟ್ಟು ಮಲಗಿಬಿಟ್ಟಳು. "ಬಾಲಾನಗರ್, ದಿಗಂಡಿ," ಎಂದು ಇಳಿಯುವವರನ್ನು ಕಂಡಕ್ಟರ್ ಕೂಗಿದಾಗ ಅವಳನ್ನು ಎಬ್ಬಿಸುವ ಧೈರ್ಯ ನನಗೆ ಬರಲಿಲ್ಲ. ಸಿಕಂದರಾಬಾದಿನಲ್ಲಿ ಇಳಿದು ಸಿಟಿ ಬಸ್ಸಿನಲ್ಲಿ ಹಿಂದಕ್ಕೆ ಬಂದೆವು.

"ಊರಿಗೆ ಕಂಪನಿ ತರಾಕ ಹೋದವ್ರಿಗೆ ಮನಿ ಸ್ಟಾಪಿನಾಗ ಇಳ್ಯಾಕ ಆಗಲಿಲ್ಲೇನ್ರಿ?" ಎಂದಳು ಗಿರಿಜಾ. ನಾಗಕ್ಕನ ಮುಖ ನೋಡಿ ನೀರು ತರಲು ಒಳಗೆ ಹೋದಳು.

ನಾನು ನಾಗಕ್ಕನ ಬಟ್ಟೆಯ ಚೀಲವನ್ನು ಎತ್ತಿ ಜೋಪಾನವಾಗಿ ಒಳಗಿಟ್ಟೆ. ಬಚ್ಚಲ ಬಾಗಿಲಿಗೆ ಅಡ್ಡವಾಗಿಟ್ಟಿದ್ದೆ. ನಾಗಕ್ಕನೇ ಅದನ್ನು ಪಕ್ಕಕ್ಕೆ ಸರಿಸಿದಳು.