ಕಿಟಕಿ ಪಕ್ಕದ ಕಸ್ತೂರಿ

ಒಂದು ಹನಿ ಸಾಕು ಎಂದು ನಾದಿನಿ ಹೇಳಿದ್ದಳು. ಸಾಬೂನು ಕಾರ್ಖಾನೆಯಲ್ಲಿ ಪರಿಮಳ ಬೆರೆಸುವ ಕೆಲಸ ಅವಳದು. ಬೆರಳುದ್ದದ ಕಸ್ತೂರಿ ಸೀಸೆಯೊಂದನ್ನು ಅತ್ತಿಗೆಯ ಕೈಗಿಟ್ಟು ಹೋಗಿದ್ದಳು. ಅತ್ತಿಗೆ ಛಾಪಖಾನೆಯಲ್ಲಿ ಪ್ರೂಫು ತಿದ್ದುವವಳು. ಅಲ್ಲಿ ಎಲ್ಲರಿಗೂ ಪ್ರೂಫಮ್ಮ. ಬೆಳಿಗ್ಗೆ ಮುಂಗೈಗೆ ಒಂದು ಹನಿ ಸವರಿ ಮೂಸಿದಳು. ಏನೂ ಇಲ್ಲ. ಇನ್ನೊಂದು ಹನಿ. ಬರೀ ನೀರು. ಇದೂ ನನ್ನ ಹಾಗೇ, ಇದ್ದರೂ ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡು ಅರ್ಧ ಸೀಸೆಯನ್ನು ಸೆರಗಿಗೆ ಸುರಿದಳು.

ಇವತ್ತು ಗೊತ್ತಾಗಲೇಬೇಕಿತ್ತು. ಅವಳ ಮೇಜು ಹಿಂದಿನ ಮೂಲೆಯಲ್ಲಿ, ಶಾಯಿ ಡಬ್ಬಗಳ ನಡುವೆ. ಅಲ್ಲಿ ಹಗಲಲ್ಲೂ ಟ್ಯೂಬ್‌ಲೈಟು. ಕಿಟಕಿ ಪಕ್ಕದ ಮೇಜಿನವರು ನಿನ್ನೆ ನಿವೃತ್ತರಾಗಿದ್ದರು. ಆ ಜಾಗ ಯಾರಿಗೆಂದು ಮ್ಯಾನೇಜರು ಇವತ್ತು ಹೇಳುವವರಿದ್ದರು. ಪಕ್ಕದ ಮನೆಯ ಕೂಸನ್ನು ನೋಡುವಂತೆ ಅವಳು ಆ ಬೆಳಕನ್ನು ವರ್ಷಗಟ್ಟಲೆ ದೂರದಿಂದ ನೋಡಿದ್ದಳು.

ಮೊದಲು ಮೂಗೆತ್ತಿದವನು ಬೈಂಡರು. "ಏನೋ ವಾಸ್ನೆ ಬರ್ತಿದೆಯಲ್ಲ?"

"ಬೆಕ್ಕು ಗಲೀಜು ಮಾಡಿರ್ಬೇಕು," ಎಂದಳು ಲೆಕ್ಕದಮ್ಮ. "ಇಲ್ಲಾ ನಿನ್ನ ಗೋಂದು ಕೊಳೆತಿರ್ಬೇಕು."

"ನನ್ನ ಗೋಂದಿನ ಸುದ್ದಿಗೆ ಬರಬೇಡಿ. ಅಕ್ಕ, ನಿಮಗೆ ಬರ್ತಿದೆಯಾ?"

ಪ್ರೂಫಮ್ಮನಿಗೆ ಏನೂ ಬರುತ್ತಿರಲಿಲ್ಲ. ಹಾಗೆಂದರೆ ಎಲ್ಲರಿಂದ ಬೇರೆಯಾಗಬೇಕಲ್ಲ. "ಜೋರಾಗೇ ಬರ್ತಿದೆ," ಎಂದುಬಿಟ್ಟಳು.

ಮ್ಯಾನೇಜರು ಒಳಗೆ ಬಂದವರೇ ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡರು. "ಈ ನಾತ ಎಲ್ಲಿಂದ ಅಂತ ಕಂಡುಹಿಡಿದವರಿಗೆ ಕಿಟಕಿ ಮೇಜು. ನನಗೂ ಒಂದು ತಲೆನೋವು ತಪ್ಪುತ್ತೆ."

ಎಲ್ಲರಿಗಿಂತ ಹುರುಪಿನಿಂದ ಹುಡುಕಿದವಳು ಪ್ರೂಫಮ್ಮ. ಕಾಗದದ ರಾಶಿಯ ಹಿಂದೆ ಬಗ್ಗಿದಳು. "ಅಲ್ಲೇ ಅಲ್ಲೇ," ಎಂದ ಬೈಂಡರು. ರಾಶಿಯನ್ನೆಲ್ಲ ಎತ್ತಿಟ್ಟರು, ಏನೂ ಇರಲಿಲ್ಲ. ಯಂತ್ರದ ಕೆಳಗೆ ತಲೆ ಹಾಕಿದಳು. "ಈಗ ಇಲ್ಲಿಗೆ ಬಂತು," ಎಂದಳು ಲೆಕ್ಕದಮ್ಮ.

"ಅದಕ್ಕೇನು ಕಾಲಿದೆಯಾ?" ಎಂದ ಬೈಂಡರು.

ಅಷ್ಟರಲ್ಲಿ ನಾದಿನಿಯ ಫೋನು ಬಂತು. "ಅತ್ತಿಗೆ, ಒಂದೇ ಹನಿ ತಾನೇ ಹಾಕ್ಕೊಂಡಿದ್ದು?"

"ಅದಕ್ಕೆ ವಾಸನೇನೇ ಇಲ್ವಲ್ಲೇ. ಅರ್ಧ ಸೀಸೆ ಹಾಕ್ಕೊಂಡೆ."

ಆ ಕಡೆ ನಾದಿನಿ ಹಣೆ ಚಚ್ಚಿಕೊಂಡ ಸದ್ದಾಯಿತು. "ಕೆಲವರ ಮೂಗಿಗೆ ಕಸ್ತೂರಿ ಗೊತ್ತೇ ಆಗಲ್ಲ ಅತ್ತಿಗೆ. ಮೊದಲೆಲ್ಲ ಅದನ್ನ ಗಂಡು ಕಸ್ತೂರಿಮೃಗದ ಹೊಟ್ಟೆ ಕೆಳಗಿನ ಗಂಟಿಂದ ತೆಗೀತಿದ್ರು. ಹೆಣ್ಣನ್ನ ಕರೆಯೋಕೆ ಅಂತ ಅದರ ಮೈಯಲ್ಲಿ ಹುಟ್ಟೋದು. ಈಗ ನಾವು ಕಾರ್ಖಾನೇಲೇ ಮಾಡ್ತೀವಿ. ಯಾವುದಾದ್ರೂ ಅಷ್ಟೇ, ಚೂರು ಇದ್ರೆ ಪರಿಮಳ, ಸುರಿದ್ರೆ ಕೊಟ್ಟಿಗೆ."

"ನನಗೆ ಬೇಕಾಗಿದ್ದು ಬರೀ ಒಂದು ಕಿಟಕಿ ಕಣೇ," ಎಂದಳು ಪ್ರೂಫಮ್ಮ.

ಸುಮ್ಮನೆ ಹೋಗಿ ಸೆರಗು ತೊಳೆದುಕೊಂಡರೆ ಮರ್ಯಾದೆ ಉಳಿಯುತ್ತಿತ್ತು, ಕಿಟಕಿ ಹೋಗುತ್ತಿತ್ತು. ಅವಳು ಮ್ಯಾನೇಜರ ಮುಂದೆ ನಿಂತಳು. "ಸಿಕ್ತು ಸರ್."

"ಎಲ್ಲಿ?"

"ನನ್ನ ಸೆರಗಲ್ಲಿ."

ಲೆಕ್ಕದಮ್ಮ ಕುರ್ಚಿ ಹಿಡಿದುಕೊಂಡು ನಕ್ಕಳು. ಮ್ಯಾನೇಜರು ಕರವಸ್ತ್ರದೊಳಗಿಂದಲೇ, "ಮಾತು ಅಂದ್ರೆ ಮಾತು. ತೊಳ್ಕೊಂಡು ಬಂದು ಕಿಟಕಿ ಪೂರ್ತಿ ತೆಗೆದು ಕೂತ್ಕೊಳ್ಳಿ," ಎಂದರು.

ಪ್ರೂಫಿನ ಮೇಲೆ ನಿಜವಾದ ಬಿಸಿಲು ಬಿತ್ತು. ಅಲ್ಪವಿರಾಮಗಳಿಗೂ ನೆರಳಿದ್ದಂತೆ ಕಂಡಿತು ಅವಳಿಗೆ.

ಸಂಜೆಯ ಹೊತ್ತಿಗೆ ನೀರು, ಗಾಳಿ ತಮ್ಮ ಕೆಲಸ ಮುಗಿಸಿ ಸೆರಗಲ್ಲಿ ಚೂರೇ ಚೂರು ಉಳಿಸಿದ್ದವು. ಬೈಂಡರು ಮತ್ತೆ ಮೂಗೆತ್ತಿದ. ಈ ಸಲ ಕಣ್ಣು ಮುಚ್ಚಿಕೊಂಡು. ಲೆಕ್ಕದಮ್ಮ ಕಾರಣವಿಲ್ಲದೆ ಕಿಟಕಿಯತ್ತ ಹಾಯತೊಡಗಿದಳು. ಕೊನೆಗೆ ಮ್ಯಾನೇಜರು ಕರವಸ್ತ್ರವಿಲ್ಲದೆ ಬಂದು, ಎದೆತುಂಬ ಉಸಿರೆಳೆದುಕೊಂಡು ನಿಂತರು.

"ಇಷ್ಟು ಒಳ್ಳೇ ಪರಿಮಳ ಎಲ್ಲಾ ರಸ್ತೆಪಾಲಾಗ್ತಿದೆಯಲ್ರೀ," ಎಂದವರೇ ಕಿಟಕಿಯ ಮರದ ಬಾಗಿಲೆರಡನ್ನೂ ಎಳೆದು ಚಿಲಕ ಹಾಕಿದರು. ಟ್ಯೂಬ್‌ಲೈಟು ಹಾಕಿಸಿದರು. "ನಾಳೆನೂ ಹಾಕ್ಕೊಂಡ್ಬನ್ನಿ. ಇನ್ಮೇಲೆ ಈ ಕಿಟಕಿ ತೆಗೆಯೋದು ಬೇಡ."

ಅವರು ಹೋದ ಮೇಲೆ ಪ್ರೂಫಮ್ಮ ಮೆಲ್ಲಗೆ ಬೈಂಡರನ್ನು ಕರೆದಳು. "ಅದು ಹೇಗಿದೆ ಅಂತ ನನಗೂ ಸ್ವಲ್ಪ ಹೇಳಪ್ಪ."

ಬೈಂಡರು ಯೋಚಿಸಿದ. "ಬಿಸಿಲಿಗೆ ಹಾಕಿ ಒಳಗೆ ತಂದ ಹಾಸಿಗೆ ಇರುತ್ತಲ್ಲ ಅಕ್ಕ, ಹಾಗೆ."

ಪ್ರೂಫಮ್ಮ ಮುಚ್ಚಿದ ಕಿಟಕಿಗೆ ಬೆನ್ನು ಒರಗಿಸಿದಳು. ಮರ ಇನ್ನೂ ಬೆಚ್ಚಗಿತ್ತು.